ಹಾಸಿದ ಕಂಬಳಿ

ಜುಂಜಮ್ಮನ ಅನ್ನ ಕಿತ್ತುಕೊಂಡವಳು ಅವಳ ನಾದಿನಿ ಯರ್ರಮ್ಮನೇ ಎಂದು ಹಟ್ಟಿಯ ಹೆಂಗಸರು ಬಾಯಿಬಿಟ್ಟೇ ಹೇಳಿದರು. ಬೋರಿನ ಹತ್ತಿರ ಯರ್ರಮ್ಮ ಕೊಡ ಇಟ್ಟರೆ ಪಕ್ಕದ ಕೊಡಗಳು ದೂರ ಸರಿದವು. ಅವರು ಅಂದದ್ದು ನಿಜವಾಗಿತ್ತು.

ಚಳ್ಳಕೆರೆ ಎಣ್ಣೆಯ ಊರು. ಶೇಂಗಾ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ, ಊರಾಚೆಯ ಒಂದು ಮುಚ್ಚಿದ ಮಿಲ್ಲನ್ನು ಹೊರಗಿನ ಕಂಪನಿಯೊಂದು ಕೊಂಡಿತು. ಟ್ಯಾಂಕರಿನಲ್ಲಿ ಬಂದ ಪಾಮಾಯಿಲನ್ನು ಪ್ಯಾಕೆಟ್ಟಿಗೆ ತುಂಬಿ ಕಳಿಸತೊಡಗಿತು. ಶೇಂಗಾ ಬೆಳೆಯುವ ಊರಲ್ಲಿ ಸಮುದ್ರದಾಚೆಯ ಎಣ್ಣೆ! ಆದರೂ ಗೇಟಿನ ಮುಂದೆ ಜನ ಸಾಲುಗಟ್ಟಿ ನಿಂತರು. ಯರ್ರಮ್ಮನ ಕೈಹಿಡಿದು ಆ ಗೇಟಿನೊಳಗೆ ಕರೆದುಕೊಂಡು ಹೋದವಳು ಅತ್ತಿಗೆ ಜುಂಜಮ್ಮ. ಜುಂಜಮ್ಮನ ಗಂಡ, ಅಂದರೆ ಯರ್ರಮ್ಮನ ಅಣ್ಣ, ಕುರಿ ಹಿಂದೆ ಹೋದವನು ಮೇವಿನ ಕಾವಲಿನಲ್ಲಿ ಸಿಡಿಲು ಬಡಿದು ಸತ್ತಿದ್ದ. ಮಗಳು ಗಂಗಲಕ್ಷ್ಮಿ ಹೈಸ್ಕೂಲಿಗೆ ಹೋಗುತ್ತಿದ್ದಳು. ಯರ್ರಮ್ಮನ ಗಂಡ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಎರಡು ಮನೆಯ ಒಲೆಯೂ ಆ ಎಣ್ಣೆ ಕಂಪನಿಯಿಂದಲೇ ಉರಿಯುತ್ತಿತ್ತು.

ಮೆಷಿನ್ನಿನ ಮೂತಿಯಿಂದ ಎಣ್ಣೆ ಪ್ಯಾಕೆಟ್ಟಿಗೆ ಇಳಿಯುತ್ತದೆ. ಪ್ಯಾಕೆಟ್ಟಿನ ಬಾಯಿ ಸುಟ್ಟು ಮುಚ್ಚಿಕೊಳ್ಳುತ್ತದೆ. ಅದು ಜಾರುತಗಡಿನ ಮೇಲೆ ಬಿದ್ದು ಕೆಳಗೆ ಬರುತ್ತದೆ. ಆ ಮೂತಿ ಸೋರುತ್ತಿತ್ತು. ಪ್ರತಿ ಪ್ಯಾಕೆಟ್ಟಿನ ಮೈಯೆಲ್ಲ ಜಿಡ್ಡು. ಅದನ್ನು ಒರೆಸಲು ಜುಂಜಮ್ಮ, ಪಾತಮ್ಮ, ಹುಚ್ಚಕ್ಕ, ಮೂವರು ಹೆಂಗಸರು. ಚಿಂದಿ ಬಟ್ಟೆ ಹಿಡಿದು, ಸ್ಟೂಲಿನ ಮೇಲೆ ಕೂತು, ಹೊತ್ತು ಮುಳುಗುವವರೆಗೆ ಒರೆಸುವುದು. ಒರೆಸಿದ್ದನ್ನು ಯರ್ರಮ್ಮ ನಿಂತುಕೊಂಡು ರಟ್ಟಿನ ಡಬ್ಬಕ್ಕೆ ಜೋಡಿಸುವುದು. ಒರೆಸುವವರ ಅಂಗೈ ಬೆಳ್ಳಗೆ ಸುಲಿದಿತ್ತು. ಊಟಕ್ಕೆ ಕೂತರೆ ಮುದ್ದೆಗೂ ಪಾಮಾಯಿಲ್ ನಾತ. ಆದರೂ ನೆರಳಿನ ಕೆಲಸ, ಕೂತು ಮಾಡುವ ಕೆಲಸ. ಬಿಸಿಲಲ್ಲಿ ಬೆನ್ನು ಬಗ್ಗಿಸಿದವರಿಗೆ ಅದರ ಬೆಲೆ ಗೊತ್ತು.

ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಕಿರಣ್‌ಕುಮಾರ್ ಎಂಬ ಹೊಸ ಮ್ಯಾನೇಜರ್ ಬಂದ. ಅವನ ಹಿಂದೆಯೇ ಟಿಪಿಎಂ ಎಂಬ ಹೊಸ ಕೆಲಸದ ಪದ್ಧತಿ ಬಂತು. ಮೆಷಿನ್ನನ್ನು ಹೆತ್ತ ಮಗುವಿನಂತೆ ನೋಡಿಕೊಳ್ಳಬೇಕು, ಬೇಡದ ವಸ್ತು ಕಣ್ಣಿಗೆ ಬೀಳಬಾರದು, ಒಂದು ಹೆಜ್ಜೆಯೂ ದಂಡವಾಗಬಾರದು ಎಂದು ಗೋಡೆ ತುಂಬ ಬೋರ್ಡು ಬಂದವು. ಎಲ್ಲ ಇಂಗ್ಲಿಷ್. ಓದಿ ಹೇಳುವವನು ಲೈನ್ ಇನ್‌ಚಾರ್ಜ್ ಗೋವರ್ಧನ, ಹತ್ತಿರದ ತಳಕು ಊರಿನವನು, ಡಿಪ್ಲೊಮಾ ಓದಿದವನು. ನೆಲಕ್ಕೆ ಹಳದಿ ಗೆರೆ ಎಳೆದರು. ಎಲ್ಲರಿಗೂ ಕರಿ ಬೂಟು ಕೊಟ್ಟರು. ಬೂಟಿಲ್ಲದ ಕಾಲು ಹಳದಿ ಗೆರೆಯೊಳಗೆ ಇರಕೂಡದು, ಬೂಟಿಲ್ಲದವರ ಕೈ ಮೆಷಿನ್ ಮುಟ್ಟಕೂಡದು. ಹಿಮ್ಮಡಿ ಬೊಬ್ಬೆ ಬಂದು ಹುಚ್ಚಕ್ಕ ಒಂದು ಗಳಿಗೆ ಬೂಟು ಕಳಚಿ ಕೂತಿದ್ದಳು. ಕಿರಣ್‌ಕುಮಾರ್ ಲೈನು ನಿಲ್ಲಿಸಿ, ಎಲ್ಲರ ಮುಂದೆ ಅವಳನ್ನು ಬರಿಗಾಲಲ್ಲೇ ಗೇಟಿನವರೆಗೆ ನಡೆಸಿ ಅವತ್ತಿಗೆ ಮನೆಗೆ ಕಳಿಸಿದ. ಅವಳ ಬೂಟು ಅವಳ ಕೈಯಲ್ಲಿದ್ದವು. ಅವತ್ತಿನಿಂದ ಯಾರೂ ಬೂಟು ಬಿಚ್ಚಲಿಲ್ಲ.

ಬೇಡದ ವಸ್ತುವಿಗೆ ಕೆಂಪು ಚೀಟಿ ಅಂಟಿಸುವ ಪದ್ಧತಿ ಶುರುವಾಯಿತು. ಚೀಟಿ ಬಿದ್ದದ್ದು ಮೂಲೆಗೆ, ಮೂಲೆಯಿಂದ ಗುಜರಿಗೆ. ಒಡೆದ ಬಕೆಟ್ಟು ಹೋಯಿತು, ನೀರಿನ ಮಣ್ಣಿನ ಹರವಿ ಹೋಯಿತು. ಒಂದು ಬೆಳಿಗ್ಗೆ ಬಂದು ನೋಡಿದರೆ ಮೂರು ಸ್ಟೂಲಿಗೂ ಕೆಂಪು ಚೀಟಿ. ನಿಂತು ಒರೆಸಿದರೆ ಕೈ ಚುರುಕಾಗುತ್ತದಂತೆ.

ಜುಂಜಮ್ಮ ಸೊಂಟಕ್ಕೆ ಕೈಕೊಟ್ಟು ನಕ್ಕಳು. "ಇವತ್ತು ಸ್ಟೂಲಿಗೆ ಅಂಟ್ಸಿದಾರೆ. ನಾಳೆ ನಮ್ಮ ಕುಂಡಿಗೂ ಅಂಟಿಸ್ತಾರೆ, ನೋಡ್ತಿರ್ರೆ."

ಎಲ್ಲರೂ ನಕ್ಕರು. ಯರ್ರಮ್ಮನೂ ನಕ್ಕಳು.

ಆಮೇಲೆ ಆ ಚಳಿಗಾಲ ಬಂತು. ಮಂಜು ಹರಿಯುವ ಮುಂಚೆ ಪಾಳಿಗೆ ಬರಬೇಕು. ಯರ್ರಮ್ಮ ತಲೆಯ ಮೇಲೆ ಅಪ್ಪನ ಕಂಬಳಿ ಹೊದ್ದು ಬರುತ್ತಿದ್ದಳು. ಅದು ಅರ್ಧ ಕಂಬಳಿ. ಅಪ್ಪ ಕ್ಯಾತಣ್ಣ ತೀರಿಕೊಂಡಾಗ ನಡುವಿನ ಹೊಲಿಗೆ ಬಿಚ್ಚಿ ಅರ್ಧ ಮಗನಿಗೆ, ಅರ್ಧ ಮಗಳಿಗೆ ಕೊಟ್ಟಿದ್ದರು. ಮಗನ ಪಾಲಿನದು ಈಗ ಜುಂಜಮ್ಮನ ಹತ್ತಿರ ಇತ್ತು.

ಹಟ್ಟಿಯವರಿಗೆ ಕರಿ ಕಂಬಳಿ ಅಂದರೆ ಬರೀ ಹೊದಿಕೆ ಅಲ್ಲ. ಜಗಳ ಬಂದರೆ ಹಿರಿಯರು ಕಂಬಳಿ ಹಾಸುತ್ತಾರೆ. ಹಾಸಿದ ಕಂಬಳಿಯ ಮುಂದೆ ಯಾರೂ ಮೆಟ್ಟು ಹಾಕಿ ನಿಲ್ಲುವುದಿಲ್ಲ. ಅದನ್ನು ದಾಟುವುದಿಲ್ಲ. ಕಂಬಳಿ ಮೇಲೆ ಕೈಯಿಟ್ಟವನು ಸುಳ್ಳು ಹೇಳುವುದಿಲ್ಲ. ಹಿಂದೊಮ್ಮೆ ಪಕ್ಕದವನ ಜೋಳದ ಹೊಲಕ್ಕೆ ಕುರಿ ನುಗ್ಗಿದಾಗ ಯಾರ ಕುರಿ ಎಂದು ಕಂಡವರು ಒಬ್ಬರೂ ಇರಲಿಲ್ಲ. ಕ್ಯಾತಣ್ಣ ಇದೇ ಕಂಬಳಿ ಮೇಲೆ ಕೈಯಿಟ್ಟು, "ನನ್ನವೇ ಕಣ್ರಪ್ಪಾ, ನಾನು ಮಲಗಿಬಿಟ್ಟಿದ್ದೆ" ಎಂದು ಹೇಳಿ, ಕೊಬ್ಬಿದ ಟಗರನ್ನು ಬಿಟ್ಟುಕೊಟ್ಟು ಬಂದಿದ್ದ. ಯರ್ರಮ್ಮ ಆಗ ಲಂಗದ ಹುಡುಗಿ. ಟಗರು ಹೋಯಿತೆಂದು ಅತ್ತಿದ್ದಳು.

ಅಂಥ ಕಂಬಳಿ ಒಂದು ಬೆಳಿಗ್ಗೆ ತಲೆಯಿಂದ ಜಾರಿ ತಗಡಿನ ಮೇಲೆ ಬಿತ್ತು. ಎತ್ತಿಕೊಳ್ಳುವಷ್ಟರಲ್ಲಿ ನಾಲ್ಕಾರು ಪ್ಯಾಕೆಟ್ಟು ಅದರಡಿಯಲ್ಲಿ ನುಸುಳಿ ಬಂದವು. ಮುಟ್ಟಿದರೆ ಜಿಡ್ಡೇ ಇಲ್ಲ. ಕುರಿಯ ಉಣ್ಣೆ ಎಣ್ಣೆ ಕುಡಿದಿತ್ತು.

"ಅಯ್ಯೋ, ನೋಡ್ರೇ ಇಲ್ಲಿ! ನಮ್ಮಪ್ಪನೂ ಪ್ಯಾಕೆಟ್ಟು ಒರೆಸ್ತಾನೆ" ಎಂದು ಯರ್ರಮ್ಮ ಕೂಗಿ ಹೇಳಿದಳು. ಒರೆಸುವ ಮೂವರೂ ಬಿದ್ದು ಬಿದ್ದು ನಕ್ಕರು. ಜುಂಜಮ್ಮನೇ ಕಂಬಳಿಯನ್ನು ಮತ್ತೊಮ್ಮೆ ತಗಡಿನ ಮೇಲೆ ಹಾಕಿ ಆಟ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಗೋವರ್ಧನ ನಗಲಿಲ್ಲ.

ಮಧ್ಯಾಹ್ನ ಕಿರಣ್‌ಕುಮಾರ್ ಬಂದ. ಕಂಬಳಿಯನ್ನು ಮಡಿಸಿ ತಗಡಿಗೆ ಅಡ್ಡಲಾಗಿ ಕಟ್ಟಿಸಿದ. ಪ್ಯಾಕೆಟ್ಟು ಒಂದರ ಹಿಂದೆ ಒಂದು ಒಣಮೈಯಲ್ಲಿ ಬಂದವು. "ಇದು ಯಾರ ಐಡಿಯಾ?" ಎಂದ.

"ನಂದೇ ಸಾರ್" ಎಂದಳು ಯರ್ರಮ್ಮ. ನಾಚಿಕೆಯಾಗಿತ್ತು, ಹೆಮ್ಮೆಯೂ ಆಗಿತ್ತು.

ಕೆಲಸಗಾರರೇ ಹುಡುಕಿ ಕೊಡುವ ಸುಧಾರಣೆಗೆ ಅವರು ಕೈಜೆನ್ ಅನ್ನುತ್ತಿದ್ದರು. ಯರ್ರಮ್ಮನ ಕೈಜೆನ್‌ಗೆ ಚಪ್ಪಾಳೆ ಹೊಡೆಸಿದರು, ಒಂದು ಸ್ಟೀಲ್ ಬಿಂದಿಗೆ ಕೊಟ್ಟರು, ಫೋಟೊ ತೆಗೆದರು. ಆ ವಾರ ಮುಗಿಯುವ ಮೊದಲೇ ಕೂಲಿಯಾಳು ಒದಗಿಸುವ ಕಂಟ್ರಾಕ್ಟರ್ ಗೇಟಿನಲ್ಲಿ ನಿಂತು ಜುಂಜಮ್ಮ, ಪಾತಮ್ಮ, ಹುಚ್ಚಕ್ಕನಿಗೆ ನಾಳೆಯಿಂದ ಬರಬೇಡಿ ಎಂದ. ಸೋರುವ ಮೂತಿಯನ್ನು ರಿಪೇರಿ ಮಾಡುವ ಮಾತು ಯಾರೂ ಎತ್ತಲಿಲ್ಲ. ಮೆಷಿನ್ ಮಗುವಂತೆ! ಮಗು ಉಚ್ಚೆ ಹೊಯ್ಯುತ್ತಲೇ ಇತ್ತು. ಒರೆಸುವ ತಾಯಂದಿರನ್ನು ಹೊರಗೆ ಹಾಕಿದರು.

ಗೇಟಿನಲ್ಲಿ ಜುಂಜಮ್ಮ ಬೂಟು ಬಿಚ್ಚಿ ವಾಪಸು ಕೊಟ್ಟು, ಬರಿಗಾಲಲ್ಲಿ ರಸ್ತೆಗಿಳಿದಳು. ಬೈದಿದ್ದರೆ ಯರ್ರಮ್ಮನಿಗೆ ಹಗುರವಾಗುತ್ತಿತ್ತು. ಬಿಂದಿಗೆಯನ್ನು ಅವಳು ಅಟ್ಟದ ಮೇಲೆ ಎಸೆದಳು, ಅದರಲ್ಲಿ ಒಂದು ದಿನವೂ ನೀರು ತುಂಬಲಿಲ್ಲ.

ಜುಂಜಮ್ಮ ಇನ್ನೂ ನಡೆಯುತ್ತಿದ್ದ ಒಂದು ಶೇಂಗಾ ಮಿಲ್ಲಿನಲ್ಲಿ ಹಿಂಡಿ ಮೂಟೆ ಹೊರಲು ಹೋದಳು. ಗಂಡಸರು ಬೆನ್ನ ಮೇಲೆ ಹೊತ್ತ ಮೂಟೆಯನ್ನೇ ಅವಳೂ ಹೊತ್ತಳು. ಬೇಸಿಗೆ ಹತ್ತುವ ಹೊತ್ತಿಗೆ ಅವಳ ಗರ್ಭಚೀಲ ಕೆಳಗೆ ಜಾರಿತು. ನಡೆದರೆ ತೊಡೆಗೆ ತಾಗುತ್ತಿತ್ತು. ಹಳೆ ಸೀರೆಯ ತುಂಡನ್ನು ಲಂಗೋಟಿಯಂತೆ ಬಿಗಿದು ಕಟ್ಟಿಕೊಂಡು ಮತ್ತೆ ಮೂಟೆಗೆ ಹೋದಳು. ಒಂದು ದಿನ ಮೂಟೆಯ ಜೊತೆಗೇ ಕುಸಿದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಇನ್ನು ಭಾರ ಎತ್ತಿದರೆ ನೀನು ಉಳಿಯಲ್ಲ, ಕೂತು ಮಾಡುವ ಕೆಲಸ ಏನಾದರೂ ನೋಡಿಕೋ ಎಂದಳು. ಕೂತು ಮಾಡುವ ಕೆಲಸ! ಸ್ಟೂಲು ಕಿತ್ತುಕೊಳ್ಳುವವರೆಗೆ ಅದು ಇತ್ತಲ್ಲ. ಗಂಗಲಕ್ಷ್ಮಿ ಸ್ಕೂಲ್ ಬ್ಯಾಗನ್ನು ಗೂಟಕ್ಕೆ ನೇತುಹಾಕಿ, ಅವ್ವನ ಬದಲು ಆ ಮಿಲ್ಲಿಗೆ ಕಸ ಹೊಡೆಯಲು ಹೋಗತೊಡಗಿದಳು.

ಯರ್ರಮ್ಮ ಧೈರ್ಯ ಮಾಡಿ ಮ್ಯಾನೇಜರನ ರೂಮಿನ ಬಾಗಿಲಿಗೆ ಹೋಗಿ ನಿಂತಳು.

"ಸಾರ್, ನಮ್ಮತ್ತಿಗೆ ಸಾರ್. ಜುಂಜಮ್ಮ. ಪ್ಯಾಕೆಟ್ಟು ಒರೆಸ್ತಿದ್ದಳಲ್ಲ. ಅವಳಿಗೆ ಮೈಗೆ ಹುಷಾರಿಲ್ಲ. ಲೇಬಲ್ ಅಂಟ್ಸೋದಾದ್ರೂ ಸರಿ, ಕುಂತು ಮಾಡೋದು ಏನಾರ ಕೊಡ್ರಿ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ."

ಕಿರಣ್‌ಕುಮಾರ್ ಕೆಟ್ಟದಾಗಿ ಮಾತಾಡಲಿಲ್ಲ. "ನೋಡಮ್ಮ, ಮುಂದಿನ ತಿಂಗಳು ದೊಡ್ಡ ಆಡಿಟ್ ಇದೆ. ದೂರದಿಂದ ಜನ ಬರ್ತಾರೆ. ನಿನ್ನ ಕೈಜೆನ್ನನ್ನ ನೀನೇ ಅವರಿಗೆ ಹೇಳಬೇಕು. ಚೆನ್ನಾಗಿ ಹೇಳು, ನಮಗೆ ಅವಾರ್ಡ್ ಬರಲಿ. ಆಮೇಲೆ ನಿಮ್ಮ ಅತ್ತಿಗೆ ವಿಷಯ ನೋಡೋಣ."

ನೋಡೋಣ ಎಂಬ ಆ ಒಂದು ಮಾತನ್ನು ಯರ್ರಮ್ಮ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

ಹೇಳಬೇಕಾದ್ದನ್ನು ಗೋವರ್ಧನ ಬಾಯಿಪಾಠ ಮಾಡಿಸಿದ. ನನ್ನ ಹೆಸರು ಯರ್ರಮ್ಮ. ಈ ಸುಧಾರಣೆ ನನ್ನದು. ಇದರಿಂದ ಮೂವರ ಶ್ರಮ ಉಳಿಯಿತು. ಆ ಮೂವರಿಗೂ ಇದಕ್ಕಿಂತ ಒಳ್ಳೆಯ ಕೆಲಸ ಕೊಡಲಾಗಿದೆ. ನಾವೆಲ್ಲ ಸಂತೋಷವಾಗಿದ್ದೇವೆ.

"ಸುಧಾರಣೆ ಅಂದಾಗ ಅದರ ಮೇಲೆ ಕೈಯಿಡಬೇಕು. ಮುಗಿಯೋವರೆಗೂ ಕೈ ತೆಗೀಬಾರ್ದು. ಫೋಟೊ ತೆಗೀತಾರೆ" ಎಂದ.

"ಕಂಬಳಿ ಮ್ಯಾಲೆ ಕೈಯಿಟ್ಟು ಹೇಳ್ಬೇಕಾ ಗೋವರ್ಧನಣ್ಣ?"

"ಅದು ಈಗ ಕಂಬಳಿ ಅಲ್ಲಮ್ಮ. ವೈಪರ್."

ಆಡಿಟ್ಟಿನ ಹಿಂದಿನ ಸಂಜೆ ಯರ್ರಮ್ಮ ಅತ್ತಿಗೆಯ ಗುಡಿಸಲಿಗೆ ಹೋದಳು. ಜುಂಜಮ್ಮ ತನ್ನ ಪಾಲಿನ ಅರ್ಧ ಕಂಬಳಿಯ ಮೇಲೆ ಕಾಲು ಮಡಿಸಿ ಮಲಗಿದ್ದಳು. ಎಷ್ಟೋ ತಿಂಗಳಿಂದ ಇಬ್ಬರಿಗೂ ಮಾತಿರಲಿಲ್ಲ. ಯರ್ರಮ್ಮ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದಳು. ಮ್ಯಾನೇಜರ್ ಅಂದದ್ದು, ಬಾಯಿಪಾಠ, ಕೈ ಇಡಬೇಕಾದ್ದು.

"ಹೇಳ್ಬಿಡೆ" ಎಂದಳು ಜುಂಜಮ್ಮ.

"ಅಪ್ಪನ ಕಂಬಳಿ ಅತ್ತಿಗೆ. ಅದನ್ನ ಮುಟ್ಟಿ ಹೆಂಗೆ ಹೇಳ್ಲಿ? ನಿಂಗೆ ಒಳ್ಳೆ ಕೆಲಸ ಕೊಟ್ಟಾರೆ ಅಂತ?"

ಜುಂಜಮ್ಮ ಮೊಣಕೈ ಊರಿ ಅರ್ಧ ಎದ್ದಳು. ನೋವಿಗೆ ಹಲ್ಲು ಕಚ್ಚಿದಳು. "ನಿಮ್ಮಪ್ಪನಿಗೆ ಬಿಟ್ಟುಕೊಡಾಕೆ ಟಗರಿತ್ತು ಕಣೆ ಯರ್ರಿ. ನಂಗೇನೈತೆ? ಮಗಳು ಮಿಲ್ಲಲ್ಲಿ ಧೂಳು ಕುಡೀತಾಳೆ. ಸುಳ್ಳು ಹೇಳಿದ್ರೆ ನನ್ನ ಒಳಕ್ಕೆ ಕರ್ಕಂತಾರೆ ಅಂದ್ರೆ ಹೇಳು. ಪಾಪ ಬಂದ್ರೆ ನಂಗಿರ್ಲಿ. ಇಷ್ಟು ಮೂಟೆ ಹೊತ್ತಿದೀನಿ, ಅದನ್ನೂ ಹೊರ್ತೀನಿ."

ಯರ್ರಮ್ಮ ಹೂಂ ಎಂದಳು. ಎದ್ದು ಬಂದಳು. ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡೇ ಬಂದಳು.

ಬೆಳಿಗ್ಗೆ ಕಾರ್ಖಾನೆ ಮದುವೆ ಮನೆಯಂತಿತ್ತು. ಹಳದಿ ಗೆರೆಗಳಿಗೆ ಹೊಸ ಬಣ್ಣ. ಎಲ್ಲರಿಗೂ ಹೊಸ ಟೋಪಿ. ಜಾರುತಗಡಿನ ಪಕ್ಕ ಬಟ್ಟೆ ಮುಚ್ಚಿದ ದೊಡ್ಡ ಬೋರ್ಡು ನಿಲ್ಲಿಸಿದ್ದರು. ಬಿಳಿ ಅಂಗಿಯ ನಾಲ್ವರು ಅತಿಥಿಗಳು ಬಂದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಕಿರಣ್‌ಕುಮಾರ್ ಬಟ್ಟೆ ಸರಿಸಿದ.

ಬೋರ್ಡಿನಲ್ಲಿ ಎರಡು ಫೋಟೊ ಇದ್ದವು. ಬಲಗಡೆಯದರಲ್ಲಿ ಕಂಬಳಿ ಕಟ್ಟಿದ ತಗಡು, ಪಕ್ಕದಲ್ಲಿ ಹಸಿರು ಗುರುತು. ಎಡಗಡೆಯದರಲ್ಲಿ ಸ್ಟೂಲಿನ ಮೇಲೆ ಕೂತ ಮೂವರು ಹೆಂಗಸರು. ಯಾವಾಗ ತೆಗೆದಿದ್ದರೋ. ಜುಂಜಮ್ಮ ಏನೋ ಮಾತಿಗೆ ನಗುತ್ತಿದ್ದಳು. ಆ ಮೂವರ ಮೇಲೆ ಈ ಮೂಲೆಯಿಂದ ಆ ಮೂಲೆಯವರೆಗೆ ಕೆಂಪು ಬಣ್ಣದಲ್ಲಿ ದಪ್ಪಗೆ ಕಾಟು ಹೊಡೆದಿದ್ದರು. ಗೆರೆಗಳು ಕೂಡುವ ಜಾಗ ಸರಿಯಾಗಿ ಜುಂಜಮ್ಮನ ಮುಖದ ಮೇಲಿತ್ತು.

ಅತಿಥಿಗಳು ತಲೆಯಾಡಿಸಿದರು. ಒಬ್ಬ ಚಪ್ಪಾಳೆ ತಟ್ಟಿದ.

ಯರ್ರಮ್ಮನಿಗೆ ಬಾಯಿಪಾಠ ಮರೆಯಿತು. ಕಿರಣ್‌ಕುಮಾರ್ ಪಕ್ಕದಲ್ಲೇ ಇದ್ದ. ತಡೆಯಲಾರದೆ ಕೇಳಿಬಿಟ್ಟಳು. "ಸಾರ್, ಇವತ್ತು ಮುಗಿದ ಮ್ಯಾಲೆ ನಮ್ಮತ್ತಿಗೆನ ಕರ್ಕಂತೀರಲ್ಲ ಸಾರ್?"

"ಯಾವ ಅತ್ತಿಗೆ?" ಎಂದ ಕಿರಣ್‌ಕುಮಾರ್.

ಬೇಕೆಂದು ಕೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಮರೆತುಹೋಗಿತ್ತು. ಅವನ ಮುಖ ನೋಡಿದ ಯರ್ರಮ್ಮನಿಗೆ ಅದು ಗೊತ್ತಾಯಿತು. ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದ ಮಾತು ಅವನ ಬಾಯಿಂದ ಬಿದ್ದ ಗಳಿಗೆಯಲ್ಲೇ ಸತ್ತಿತ್ತು. ಸುಳ್ಳು ಹೇಳಿದರೂ ಅತ್ತಿಗೆಗೆ ಕೆಲಸ ಇಲ್ಲ.

"ಶುರು ಮಾಡಮ್ಮ" ಎಂದ ಗೋವರ್ಧನ.

ಯರ್ರಮ್ಮ ಕಂಬಳಿಯ ಮೇಲೆ ಕೈಯಿಟ್ಟಳು. ಎಣ್ಣೆ ಕುಡಿದು ಕುಡಿದು ಅದು ಕೊಳೆತ ತೊಗಲಿನಂತಾಗಿತ್ತು. ಅದರೊಳಗೂ ಕುರಿಯ ವಾಸನೆ ಇನ್ನೂ ಇತ್ತು.

"ನನ್ನ ಹೆಸರು ಯರ್ರಮ್ಮ. ಇದು ನಮ್ಮಪ್ಪ ಕ್ಯಾತಣ್ಣನ ಕಂಬಳಿ. ಇದನ್ನ ಇಲ್ಲಿ ಹಾಕಿದೋಳು ನಾನೇ. ಆ ಫೋಟೊದಾಗೆ ನಗ್ತಾಳಲ್ಲ, ಅವಳು ನಮ್ಮತ್ತಿಗೆ ಜುಂಜಮ್ಮ. ಅವಳಿಗೆ ಯಾವ ಒಳ್ಳೆ ಕೆಲಸನೂ ಕೊಟ್ಟಿಲ್ಲ. ಮೂಟೆ ಹೊತ್ತು ಗರ್ಭಚೀಲ ಜಾರಿ ಮಲಗೌಳೆ. ಅವಳ ಮಗಳು ಸ್ಕೂಲು ಬಿಟ್ಟೈತೆ. ನಾವ್ಯಾರೂ ಸಂತೋಷವಾಗಿಲ್ಲ."

ಕಿರಣ್‌ಕುಮಾರ್ ಅತಿಥಿಗಳ ಕಡೆ ತಿರುಗಿ, ನಗುನಗುತ್ತಾ ಇಂಗ್ಲಿಷಿನಲ್ಲಿ ಏನೋ ಹೇಳಿದ. ಯರ್ರಮ್ಮನಿಗೆ ತಿಳಿದದ್ದು ಒಂದೇ ಮಾತು, ಹ್ಯಾಪಿ. ಹೊಸ ವರ್ಷಕ್ಕೆ ಗೋಡೆ ಮೇಲೆ ಬರೆಯುತ್ತಾರಲ್ಲ, ಅದು. ಅತಿಥಿಗಳೆಲ್ಲ ಅವಳನ್ನು ನೋಡಿ ಜೋರಾಗಿ ಚಪ್ಪಾಳೆ ತಟ್ಟಿದರು. ಒಬ್ಬ ಫೋಟೊ ತೆಗೆದ. ಅವಳು ಗೋವರ್ಧನನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

ಕಂಬಳಿ ಮುಟ್ಟಿ ಹೇಳಿದ ನಿಜವನ್ನೂ ಇವರು ಒರೆಸಿ, ಸುಳ್ಳು ಮಾಡಿ, ಪ್ಯಾಕೆಟ್ಟಿಗೆ ತುಂಬಿದರು. ಇನ್ನು ಏನು ಹೇಳುವುದು? ಯಾರಿಗೆ ಹೇಳುವುದು?

ಯರ್ರಮ್ಮ ಕಂಬಳಿಯ ಕಟ್ಟು ಬಿಚ್ಚಿದಳು. ಗೋವರ್ಧನ "ಏಯ್, ಏಯ್" ಎಂದ. ಅವಳು ಕೇಳಲಿಲ್ಲ. ಮಡಿಕೆ ಬಿಡಿಸಿ, ನಾಲ್ಕು ಮೂಲೆ ಎಳೆದು, ಹೊಸ ಬಣ್ಣ ಬಳಿದ ಹಳದಿ ಗೆರೆಗಳ ನಡುವೆ, ಓಡಾಡುವ ದಾರಿಗೆ ಅಡ್ಡಲಾಗಿ ಹಾಸಿದಳು. ಬಗ್ಗಿ ಒಂದು ಬೂಟು ಬಿಚ್ಚಿದಳು. ಇನ್ನೊಂದನ್ನೂ ಬಿಚ್ಚಿದಳು. ಕಂಬಳಿಯ ಅಂಚಿನಲ್ಲಿ, ಬರಿ ನೆಲದ ಮೇಲೆ ಕೂತು, ಬಲಗೈಯನ್ನು ಅದರ ಮೇಲಿಟ್ಟಳು.

ಅತ್ತ ತಗಡಿನಿಂದ ಪ್ಯಾಕೆಟ್ಟುಗಳು ಜಿಡ್ಡುಜಿಡ್ಡಾಗಿ ಬೀಳತೊಡಗಿದವು. ಇತ್ತ ಡಬ್ಬ ತುಂಬಿದ ತಳ್ಳುಗಾಡಿಯನ್ನು ದೂಡಿಕೊಂಡು ಓಬಳೇಶ ಬಂದ. ಪಕ್ಕದ ನಾಯಕರ ಹಟ್ಟಿಯವನು. ಹಾಸಿದ ಕಂಬಳಿ ಕಂಡವನೇ ಗಾಡಿ ನಿಲ್ಲಿಸಿದ.

"ತಳ್ಳೋ ಲೇ! ಅದರ ಮೇಲೇ ತಳ್ಳು!" ಎಂದು ಗೋವರ್ಧನ ಕೂಗಿದ.

"ಕಂಬಳಿ ಹಾಸೈತೆ ಸಾರ್" ಎಂದ ಓಬಳೇಶ. ಗಾಡಿಯ ಹಿಡಿ ಬಿಟ್ಟ. ಬಗ್ಗಿ ಬೂಟು ಬಿಚ್ಚಿದ.

ಅದನ್ನು ಅವನು ಬಂಡಾಯ ಎಂದು ಮಾಡಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದನ್ನು ಮಾಡಿದ. ಸೀಲಿಂಗ್ ಮೆಷಿನ್ನಿನ ಹೆಣ್ಣುಮಗಳು ಅವನನ್ನು ನೋಡಿ ಬೂಟು ಕಳಚಿದಳು. ಡಬ್ಬ ಕಟ್ಟುವವರು ಕಳಚಿದರು. ಎಣ್ಣೆ ಬಿಡುವ ಕವಾಟ ನೋಡಿಕೊಳ್ಳುವ ಮುದುಕ, ಬೂಟಿನ ದಾರ ಸಿಕ್ಕಾಗಿ, ಗೋಡೆ ಹಿಡಿದು ಒಂಟಿಗಾಲಲ್ಲಿ ನಿಂತು ಕಿತ್ತು ತೆಗೆದ. ಬೂಟಿಲ್ಲದವರ ಕೈ ಮೆಷಿನ್ ಮುಟ್ಟಕೂಡದು. ಮೆಷಿನ್ ಮುಟ್ಟುವವರು ಇಲ್ಲವಾದರು. ಗೋವರ್ಧನನೇ ಓಡಿಹೋಗಿ ಸ್ವಿಚ್ ಆರಿಸಿದ. ಲೈನು ನಿಂತಿತು.

ಕಿರಣ್‌ಕುಮಾರ್ ಕಂಬಳಿಯ ಆಚೆ ಅಂಚಿಗೆ ಬಂದ. ಮುಖ ಕೆಂಪಾಗಿತ್ತು. ಅತಿಥಿಗಳು ಅವನ ಬೆನ್ನಿಗೇ ಇದ್ದರು. ಹಲ್ಲು ಕಚ್ಚಿ, ಮೆಲ್ಲಗೆ ಕೇಳಿದ. "ಇದು ಯಾರ ಐಡಿಯಾ?"

"ಇದೂ ನಂದೇ ಸಾರ್."

"ಎದ್ದೇಳು. ಏನು ಬೇಕು ನಿನಗೆ?"

"ಬೂಟು ಬಿಚ್ರಿ ಸಾರ್" ಎಂದಳು ಯರ್ರಮ್ಮ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಬೂಟು ಬಿಚ್ಚಿ, ಇದರ ಮ್ಯಾಲೆ ಕೈಯಿಟ್ಟು, ಜುಂಜಮ್ಮಗೆ ಒಳ್ಳೆ ಕೆಲಸ ಕೊಟ್ಟೀವಿ ಅಂತ ನೀವೇ ಹೇಳ್ರಿ. ನೀವು ಹೇಳಿದ್ರೆ ನಾನೂ ಹೇಳ್ತೀನಿ. ನಗ್ತಾ ಹೇಳ್ತೀನಿ."

ಕಿರಣ್‌ಕುಮಾರ್ ತನ್ನ ಬೂಟು ನೋಡಿದ. ಸುತ್ತ ನಿಂತ ಬರಿಗಾಲುಗಳನ್ನು ನೋಡಿದ. ಬಗ್ಗಲಿಲ್ಲ. ಗೇಟಿಗೆ ಫೋನ್ ಮಾಡಿ ಸೆಕ್ಯುರಿಟಿಯವರನ್ನು ಕರೆಸು, ಇವಳನ್ನು ಎತ್ತಿ ಹೊರಗೆ ಹಾಕಲಿ ಎಂದು ಗೋವರ್ಧನನಿಗೆ ಹೇಳಿದ.

ಯರ್ರಮ್ಮನಿಗೆ ಎಲ್ಲ ಗೊತ್ತಿತ್ತು. ನಾಳೆಯಿಂದ ತನಗೂ ಗೇಟಿಲ್ಲ. ಓಬಳೇಶನಿಗೂ ಇಲ್ಲದೇ ಹೋಗಬಹುದು. ಸಂಜೆ ಆ ಗುಡಿಸಲಿನ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು, ನೀನು ಹೇಳು ಅಂದದ್ದನ್ನು ನಾನು ಹೇಳಲಿಲ್ಲ ಅತ್ತಿಗೆ, ಇದ್ದೊಂದು ದಾರಿಯನ್ನೂ ಮುಚ್ಚಿ ಬಂದೆ ಎಂದು ಹೇಳಬೇಕು. ಆಗ ಜುಂಜಮ್ಮ ಮುಖ ತಿರುಗಿಸುತ್ತಾಳೋ, ಬೈಯುತ್ತಾಳೋ. ಬೈದರೆ ಸಾಕು ಎನಿಸಿತು ಅವಳಿಗೆ. ಕೈಯನ್ನು ಮಾತ್ರ ಕಂಬಳಿಯಿಂದ ತೆಗೆಯಲಿಲ್ಲ.

ಗೇಟಿನ ಕಡೆಯಿಂದ ದಪದಪನೆ ಓಡಿಬರುವ ಸದ್ದು ಕೇಳಿತು. ಖಾಕಿ ತೊಟ್ಟ ಇಬ್ಬರು ಸೆಕ್ಯುರಿಟಿಯವರು ಕೋಲು ಹಿಡಿದು ಬಾಗಿಲಿಗೆ ಬಂದರು. ಇಬ್ಬರೂ ಹಟ್ಟಿಗಳಿಂದಲೇ ಬಂದವರು. ಹೆಂಗಸನ್ನು ನೋಡುವ ಮೊದಲು ಅವರು ನೆಲ ನೋಡಿದರು. ಕೋಲುಗಳನ್ನು ಗೋಡೆಗೆ ಒರಗಿಸಿ, ಅಲ್ಲೇ ಹೊಸ್ತಿಲಲ್ಲಿ ಬಗ್ಗಿ, ಬೂಟಿನ ದಾರ ಬಿಚ್ಚತೊಡಗಿದರು.